ಸೋಯಾ ಸಾಸಿನ ಪರವಾಗಿ ನಾನೊಬ್ಬನೇ

ಹಾಲಿಗೆ ಈ ಲೋಕ ಕೊಡುತ್ತಿರುವ ಮರ್ಯಾದೆಯಲ್ಲಿ ಅರ್ಧವನ್ನಾದರೂ ಕಿತ್ತು ಸೋಯಾ ಸಾಸಿಗೆ ಕೊಡಿಸದಿದ್ದರೆ ನಾನು ಬಿಳಿಚೋಡಿನ ತಿಪ್ಪೇರುದ್ರಸ್ವಾಮಿಯೇ ಅಲ್ಲ! ಹೀಗೆಂದು ನಾನು ಶಪಥ ಮಾಡಿದ್ದು ನಮ್ಮ ಮನೆಯ ಕೊಟ್ಟಿಗೆಯಲ್ಲಿ. ಸಾಕ್ಷಿಗೆ ಎರಡು ಎಮ್ಮೆಗಳಿದ್ದವು. ಎರಡೂ ತಲೆ ಅಲ್ಲಾಡಿಸಿದವು. ಒಪ್ಪಿಗೆ ಕೊಟ್ಟವು ಅಂದುಕೊಂಡೆ. ನೊಣ ಕೂತಿದ್ದಿರಬೇಕು.

ಶಪಥದ ಕಾರಣ ಹೇಳುತ್ತೇನೆ, ಕೇಳಿ. ನಾನು ಹುಟ್ಟಿದ್ದು ಬಿಳಿಚೋಡಾದರೂ ಬದುಕು ಕಟ್ಟಿಕೊಂಡದ್ದು ಹೆಂಡತಿಯ ಊರಿನಲ್ಲಿ, ಸವಳಂಗದ ಬಸ್ಸಿಳಿದು ಒಂದಷ್ಟು ನಡೆದರೆ ಸಿಗುವ ಹಳ್ಳಿಯಲ್ಲಿ. ಅಲ್ಲಿನ ಮಹಿಳಾ ಡೈರಿಯ ಗೇಟಿನ ಪಕ್ಕ ನನ್ನದೊಂದು ಗೋಬಿ ಮಂಚೂರಿ ಗಾಡಿ. ನನ್ನ ಹೆಂಡತಿ ರುದ್ರಾಣಿ ಎಮ್ಮೆ ಕಟ್ಟಿಕೊಂಡು ಅದೇ ಡೈರಿಗೆ ಹಾಲು ಹಾಕುವವಳು. ಅಂದರೆ ನಮ್ಮದು ಎರಡು ದ್ರವಗಳ ಸಂಸಾರ! ಆದರೆ ನ್ಯಾಯ ನೋಡಿ. ಹಾಲಿಗೆ ಅಡುಗೆಮನೆಯಲ್ಲಿ ಸಿಂಹಾಸನ, ಮೇಲೊಂದು ಜಾಲರಿಯ ಛತ್ರಿ. ನನ್ನ ಸೋಯಾ ಸಾಸಿನ ಕ್ಯಾನಿಗೆ ಹೊರಗಡೆ ಚಪ್ಪಲಿಗಳ ಪಕ್ಕ ವನವಾಸ!

"ಒಳಗೆ ತರಬ್ಯಾಡ್ರಿ ಆ ಕರೇ ನೀರನ್ನ. ಹಾಲು ಕೆಡ್ತೈತೆ," ಅನ್ನುತ್ತಿದ್ದಳು ರುದ್ರಾಣಿ.

"ಮುಚ್ಚಳ ಹಾಕಿದ ಕ್ಯಾನು ಕಣೇ ಇದು. ನೋಡಿದ್ರೇ ಕೆಡ್ತೈತಾ?"

"ನಿಮ್ಮನ್ನ ನೋಡೀನೇ ನಮ್ಮಣ್ಣನ ಮಗ ಕೆಟ್ಟ. ಹಾಲು ಕೆಡಲ್ವಾ?"

ಅವಳ ಅಣ್ಣನ ಮಗ ಹೊನ್ನಾಳಿಯಲ್ಲಿ ಗೋಬಿ ಗಾಡಿ ಇಟ್ಟು ಚೆನ್ನಾಗಿಯೇ ಇದ್ದಾನೆ. ಇರಲಿ.

ಈ ಅವಮಾನದ ಬೆಂಕಿಯಲ್ಲಿ ಬೇಯುತ್ತಿದ್ದವನಿಗೆ ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಜ್ಞಾನೋದಯವಾಯಿತು. ಹಾಲನ್ನೂ ಸೋಯಾ ಸಾಸನ್ನೂ ಎದುರುಬದುರು ನಿಲ್ಲಿಸಿ ಯಾರೋ ಪುಣ್ಯಾತ್ಮರು ತೂಗಿದ್ದರು. ನೂರು ಗ್ರಾಂ ಹಾಲಿನಲ್ಲಿ ಪ್ರೋಟೀನು ಮೂರು ಗ್ರಾಂ ಚಿಲ್ಲರೆ. ನೂರು ಗ್ರಾಂ ಸೋಯಾ ಸಾಸಿನಲ್ಲಿ? ಎಂಟು! ನಾನು ಎದ್ದು ನಿಂತೆ. ಕಬ್ಬಿಣಾಂಶ? ಸಾಸಿನದ್ದೇ ಮೇಲುಗೈ. ಕೊಬ್ಬು? ಸಾಸಿನಲ್ಲಿ ಹೆಚ್ಚುಕಡಿಮೆ ಸೊನ್ನೆ. ಸೋಡಿಯಂ ಸಾಲಿಗೆ ಬಂದಾಗಲಂತೂ ನನ್ನ ಕಣ್ಣು ಒದ್ದೆಯಾಯಿತು. ಹಾಲಿನಲ್ಲಿ ಏನೋ ಬಡಪಾಯಿ ನಲವತ್ತು ಚಿಲ್ಲರೆ ಮಿಲಿಗ್ರಾಂ, ಸಾಸಿನಲ್ಲಿ ಐದು ಸಾವಿರಕ್ಕೂ ಮೇಲೆ! ನೂರು ಪಟ್ಟು! ಸೋಡಿಯಂ ಅಂದರೆ ಏನೆಂದು ನನಗೆ ಗೊತ್ತಿರಲಿಲ್ಲ, ಆದರೆ ನೂರು ಪಟ್ಟು ಇರುವ ವಸ್ತು ಕೆಟ್ಟದ್ದಾಗಿರಲು ಸಾಧ್ಯವೇ? ಕ್ಯಾಲ್ಸಿಯಂ ಸಾಲಿನ ಮೇಲೆ ಮಾತ್ರ ಒಂದು ಟ್ರ್ಯಾಕ್ಟರಿನ ಜಾಹೀರಾತು ಬಂದು ಕೂತಿತ್ತು. ನಾನೂ ಅದನ್ನು ಎಬ್ಬಿಸುವ ಗೋಜಿಗೆ ಹೋಗಲಿಲ್ಲ.

ಬೋರ್ಡು ಬರೆಯುವ ಮುಬಾರಕ್ ಹತ್ತಿರ ಓಡಿದೆ. ಗಾಡಿಯ ನೆತ್ತಿಗೆ ಕಟ್ಟುವಂಥ ಬೋರ್ಡು ಬೇಕಿತ್ತು. ನಾನು ಹೇಳಿದ್ದನ್ನು ಕೇಳಿ ಅವನು ಕುಂಚವನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡ.

"ಅಣ್ಣಾ, ನಾಳಿದ್ದು ಡೈರಿ ಎಲೆಕ್ಷನ್ನು. ನಮ್ಮ ರುದ್ರಾಣಕ್ಕ ನಿಂತವ್ರೆ. ಓಟು ಹಾಕೋರೆಲ್ಲ ಹಾಲು ಹಾಕೋರೇ. ಅವ್ರ ಗೇಟಿನಾಗೇ ಹಾಲು ಸಣ್ಣದು ಅಂತ ಬರೆಸ್ತೀರಲ್ಲ, ಬೇಕಾ ಇದು?"

"ಸತ್ಯಕ್ಕೂ ಎಲೆಕ್ಷನ್ನಿಗೂ ಏನೋ ಸಂಬಂಧ, ಮುಬಾರಕ್?"

"ಏನೂ ಇಲ್ಲ ಅಣ್ಣಾ. ಅದಕ್ಕೇ ಹೇಳ್ತಿರೋದು."

ನಾನು ಕೇಳಲಿಲ್ಲ. ಮಾರನೇ ದಿನ ಸಂಜೆಯ ಹೊತ್ತಿಗೆ ನನ್ನ ಗಾಡಿಯ ಮೇಲೆ ಕೆಂಪು ಅಕ್ಷರಗಳು ರಾರಾಜಿಸಿದವು: "ಹಾಲು: ಪ್ರೋಟೀನ್ ಮೂರು. ನಮ್ಮ ಸೋಯಾ ಸಾಸ್: ಎಂಟು! ಸೋಡಿಯಂ ನೂರು ಪಟ್ಟು! ಯಾರು ದೊಡ್ಡವರು, ನೀವೇ ಹೇಳಿ!" ಬೋರ್ಡು ಕಟ್ಟುವ ಸಂಭ್ರಮದಲ್ಲಿ ಗಾಡಿಯ ಕುಡಿಯುವ ನೀರಿನ ಡ್ರಮ್ಮು ತುಂಬಿಸುವುದನ್ನೇ ಮರೆತಿದ್ದೆ. ಮಹಾಕಾರ್ಯ ಮಾಡುವವರಿಗೆ ಇಂಥ ಸಣ್ಣಪುಟ್ಟದ್ದೆಲ್ಲ ಎಲ್ಲಿ ನೆನಪಿರುತ್ತದೆ?

ಮೊದಲು ಬಂದವಳು ರುದ್ರಾಣಿ. ಹಾಲಿನ ಕ್ಯಾನು ಹಿಡಿದು ಬೋರ್ಡನ್ನು ಮೇಲಿನಿಂದ ಕೆಳಗೆ ಓದಿದಳು. ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ಓದಿದಳು.

"ರೀ, ನಾನು ನಿಂತಿರೋದು ಹಾಲಿನ ಸಂಘಕ್ಕೆ."

"ಗೊತ್ತೈತೆ."

"ನಾಳೆ ಓಟು."

"ಅದೂ ಗೊತ್ತೈತೆ."

"ನನ್ನೆದುರು ನಿಂತಿರೋ ಸಾವಂತ್ರಮ್ಮ ಎಷ್ಟು ಕೊಟ್ಲು?"

"ಲೇ! ನಾನು ಮಾರಿಕೊಳ್ಳೋ ಮನುಷ್ಯ ಅಲ್ಲ!"

"ಅದೇ ಸಂಕಟ ನೋಡ್ರಿ ನಂಗೆ. ದುಡ್ಡು ಇಸ್ಕೊಂಡಿದ್ರೆ ಬುದ್ಧಿ ಐತೆ ಅಂತಾದ್ರೂ ಅನ್ಕೋತಿದ್ದೆ. ಬಿಚ್ರಿ ಅದನ್ನ!"

"ಬಿಚ್ಚಲ್ಲ!"

ಅವಳ ಸಂಕಟ ನನಗೆ ಅರ್ಥವಾಗದೇ ಇರಲಿಲ್ಲ. ಹಾಲಿನ ಡಿಗ್ರಿ, ಅಂದರೆ ಗಟ್ಟಿತನ, ನೋಡಿ ದರ ಕಟ್ಟುವ ಯಂತ್ರ ಯಾರಿಗೂ ಕಾಣದ ಒಳಗಿನ ಕೋಣೆಯಲ್ಲಿದೆ. ಅದನ್ನು ಹೊರಗೆ ತಂದು ಎಲ್ಲ ಹೆಂಗಸರ ಕಣ್ಣೆದುರಿಗೆ ಇಡಿಸಬೇಕೆಂಬುದು ಅವಳ ಬಹುದಿನದ ಹಟ. ಹೋದ ಸಲವೂ ನಿಂತಿದ್ದಳು, ಸೋತಿದ್ದಳು. ಸೋಲಿಸಿದ್ದು ಹಾಲಿನ ಆಣೆ. ಈಗಿನ ನಿರ್ದೇಶಕಿ ಸಾವಂತ್ರಮ್ಮ ಓಟಿನ ಹಿಂದಿನ ಸಂಜೆ ಹಿತ್ತಾಳೆ ಚೊಂಬಿನಲ್ಲಿ ಹಾಲು ಹಿಡಿದು ಡೈರಿಯ ಅಂಗಳದಲ್ಲಿ ನಿಲ್ಲುತ್ತಾಳೆ. ಒಬ್ಬೊಬ್ಬರೇ ಬಂದು ಹಾಲು ಮುಟ್ಟಿ "ನಿಂಗೇ ಹಾಕ್ತೀನಿ" ಅನ್ನಬೇಕು. ಹಾಲಿನಿಂದ ಬದುಕುವವರು ಹಾಲು ಮುಟ್ಟಿ ಆಡಿದ ಮಾತಿಗೆ ತಪ್ಪುವುದುಂಟೇ? ಎಮ್ಮೆ ಬತ್ತಿ ಹೋದರೆ ಯಾರು ಗತಿ?

ಆ ಸಂಜೆಯೂ ಚೊಂಬು ಬಂತು. ಹೆಂಗಸರು ಮುಖ ಸಣ್ಣದು ಮಾಡಿಕೊಂಡು ಸಾಲು ಕಟ್ಟಿದರು. ಸಾಲಿನ ಕೊನೆಯಲ್ಲಿ ಊರಿಗೇ ಹಿರಿಯಳಾದ ಕರಿಬಸಮ್ಮಜ್ಜಿ. ರುದ್ರಾಣಿ ಗೇಟಿಗೆ ಒರಗಿ ಸುಮ್ಮನೆ ನೋಡುತ್ತ ನಿಂತಿದ್ದಳು. ಆಗ ಸಾವಂತ್ರಮ್ಮನ ಕಣ್ಣು ನನ್ನ ಬೋರ್ಡಿಗೆ ಬಿತ್ತು.

"ನೋಡ್ರೇ ಇಲ್ಲಿ! ನಾನು ಹಾಲು ಮುಟ್ಟಿಸ್ತೀನಿ. ಇವ್ರು ಗೆದ್ರೆ ಸಾಸು ಮುಟ್ಟಿಸ್ತಾರೆ!"

ಅಂಗಳವೆಲ್ಲ ಗೊಳ್ಳೆಂದಿತು. ರುದ್ರಾಣಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನ್ನ ನರನರವೂ ಸೆಟೆಯಿತು. ಸೌಟು ಹಿಡಿದು ಗಾಡಿಯಿಂದ ಈಚೆ ಬಂದೆ. ಯುದ್ಧಕ್ಕೆ ಹೊರಟವನಿಗೆ ಕೈಗೆ ಸಿಕ್ಕಿದ್ದೇ ಖಡ್ಗ!

"ಸಾವಂತ್ರಮ್ಮೋರೇ, ನಗಬ್ಯಾಡ್ರಿ! ಲೆಕ್ಕ ಐತೆ ನನ್ ಹತ್ರ! ಎಂಟು ದೊಡ್ಡದಾ, ಮೂರು ದೊಡ್ಡದಾ?"

"ಎಂಟೇ ದೊಡ್ಡದಪ್ಪ. ಹಂಗಾದ್ರೆ ಬೆಳಿಗ್ಗೆ ಎದ್ದು ಏನ್ ಕುಡೀತಿ ನೀನು?"

"ಏನ್ ಕುಡಿಯೋದು... ಚಾ."

"ಅದಕ್ಕೆ ಏನ್ ಹಾಕ್ತಾಳೆ ನಿನ್ ಹೆಂಡ್ತಿ? ಸಾಸಾ?"

ಮತ್ತೆ ಗೊಳ್. ಕರಿಬಸಮ್ಮಜ್ಜಿ ಸಾಲಿನಿಂದಲೇ ಕೂಗಿದಳು, "ಏ ತಿಪ್ಪೇಶಿ, ಹಾಲು ನಾವು ಲೋಟಗಟ್ಲೆ ಕುಡೀತೀವಿ ಕಣೋ. ನಿನ್ ಸಾಸು ಒಂದ್ ಲೋಟ ಕುಡಿದು ತೋರ್ಸಪ್ಪಾ, ಒಪ್ಕೊಂತೀವಿ!"

"ಕುಡೀತೀನಿ!" ಎಂದೆ.

"ರೀ, ಬ್ಯಾಡ್ರಿ," ಎಂದಳು ರುದ್ರಾಣಿ. ಆ 'ಬ್ಯಾಡ್ರಿ'ಯಲ್ಲಿ ಎಷ್ಟು ಕರುಣೆಯಿತ್ತೆಂದು ಈಗ ತಿಳಿಯುತ್ತದೆ. ಆಗ ಅದು ನನಗೆ ಶಂಖನಾದದಂತೆ ಕೇಳಿಸಿತು. ಸ್ಟೀಲಿನ ಲೋಟಕ್ಕೆ ಸಾಸು ಸುರಿದೆ. ಬೋರ್ಡಿಗೊಂದು ನಮಸ್ಕಾರ ಹೊಡೆದೆ. ಎತ್ತಿದೆ. ಗಟಗಟ!

ಸೋಡಿಯಂ ಅಂದರೇನೆಂದು ಆ ಕ್ಷಣ ತಿಳಿಯಿತು. ಉಪ್ಪು! ಬರೀ ಉಪ್ಪು! ಗೋಬಿಗೆ ಒಂದು ಸೌಟು ಸಾಸು ಹಾಕಿದಾಗಲೆಲ್ಲ ಮತ್ತೆ ಉಪ್ಪು ಹಾಕುವ ಕೆಲಸವಿರುವುದಿಲ್ಲ ಎಂದು ನನ್ನ ಕೈಗೆ ವರ್ಷಗಳಿಂದ ಗೊತ್ತಿತ್ತು. ಕೈ ಈ ಸುದ್ದಿಯನ್ನು ತಲೆಗೆ ತಲುಪಿಸಿರಲಿಲ್ಲ! ನಾಲಿಗೆ ಚರ್ಮದ ಚಪ್ಪಲಿಯಾಯಿತು. ಗಂಟಲಿಗೆ ಬೆಂಕಿ ಬಿತ್ತು. ಕಿವಿಯಲ್ಲಿ ರೈಲು ಓಡಿತು. ಅರ್ಧ ಲೋಟಕ್ಕೇ ಕಣ್ಣುಗಳು ಹೊರಬಂದವು. ಡ್ರಮ್ಮಿಗೆ ಹಾರಿದೆ, ಖಾಲಿ! ಪಕ್ಕದ ಬಕೆಟ್ಟಿನಲ್ಲಿ ಪ್ಲೇಟು ತೊಳೆದ ಸೋಪಿನ ನೀರು.

ಲೋಕವೆಲ್ಲ ಮಂಜಾಯಿತು. ಆ ಮಂಜಿನ ನಡುವೆ ಒಂದೇ ಒಂದು ವಸ್ತು ಹೊಳೆಯುತ್ತಿತ್ತು. ಹಿತ್ತಾಳೆಯ ಚೊಂಬು. ನಾನು ನುಗ್ಗಿದೆ. ಸಾವಂತ್ರಮ್ಮ "ಏಯ್, ಏಯ್!" ಎನ್ನುವಷ್ಟರಲ್ಲಿ ಚೊಂಬು ನನ್ನ ಬಾಯಲ್ಲಿತ್ತು. ಕೊನೆಯ ಹನಿಯವರೆಗೂ ಕುಡಿದು ಮೀಸೆ ಒರೆಸಿಕೊಂಡು "ಅಹಹಾ, ಹಾಲು ಅಂದ್ರೆ ಹಾಲಪ್ಪಾ!" ಅಂದುಬಿಟ್ಟೆ.

ಸಾವಂತ್ರಮ್ಮ ಖಾಲಿ ಚೊಂಬನ್ನು ಕಿತ್ತುಕೊಂಡಳು.

"ಅಯ್ಯೋ, ಆಣೆ ಹಾಲು ಕಣೋ ಅದು, ಹಾಳಾದವ್ನೇ!" ಸಾವಂತ್ರಮ್ಮ ಕಿರುಚಿದಳು.

ಕರಿಬಸಮ್ಮಜ್ಜಿ ಕೋಲು ಊರಿಕೊಂಡು ಬಂದು ಚೊಂಬಿನೊಳಗೆ ಇಣುಕಿದಳು. ಆಮೇಲೆ ನನ್ನ ಹೊಟ್ಟೆಯನ್ನು ನೋಡಿದಳು. "ಹಾಲೆಲ್ಲ ಒಳಗೆ ಹೋತಲ್ಲೇ ಸಾವಂತ್ರಿ! ಈಗ ನಾವು ಆಣೆ ಮಾಡಾಕೆ ಇವ್ನ ಹೊಟ್ಟೆ ಮುಟ್ಟಬೇಕೇನೇ?"

ಸಾಲು ಒಡೆಯಿತು. ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. "ಬೇರೆ ಹಾಲು ತರ್ತೀನಿ, ನಿಲ್ರೇ!" ಎಂದು ಸಾವಂತ್ರಮ್ಮ ಕೂಗುತ್ತಲೇ ಇದ್ದಳು. "ಆಣೆಯೆಲ್ಲ ದಿನಕ್ಕೆ ಎರಡು ಸಲ ಮಾಡಬಾರ್ದು ಕಣವ್ವಾ," ಎಂದು ಅಜ್ಜಿ ಆ ಕ್ಷಣದಲ್ಲೇ ಒಂದು ಶಾಸ್ತ್ರ ಹುಟ್ಟಿಸಿದಳು. ಮೊದಲೇ ಮುಟ್ಟಿದ್ದ ನಾಲ್ಕಾರು ಜನಕ್ಕೂ ಬಿಡುಗಡೆ ಸಿಕ್ಕಿತು. ಎಲ್ಲರೂ ಹಗುರಾಗಿ ಮನೆಗೆ ಹೋದರು. ನಾನು ಮಾತ್ರ ಭಾರವಾಗಿ ಹೋಗಿ, ಊರ ಟ್ಯಾಂಕಿನ ನಲ್ಲಿಗೆ ಬಾಯಿ ಕೊಟ್ಟು ಕೂತೆ.

ಮಾರನೇ ದಿನ ಓಟು. ಸಂಜೆಗೆ ಎಣಿಕೆ. ರುದ್ರಾಣಿ ಗೆದ್ದಳು! ಹಾಗೆ ಹೀಗಲ್ಲ, ಸಾವಂತ್ರಮ್ಮ ಎಣಿಕೆ ಮುಗಿಯುವ ಮೊದಲೇ ಎದ್ದು ಹೋಗುವ ಹಾಗೆ ಗೆದ್ದಳು!

ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಹೋಯಿತು. ಯಾರಿಂದ ಬಂತು ಈ ಗೆಲುವು? ಆಣೆಯ ವಿಷವನ್ನು ಕುಡಿದು ಪ್ರಜಾಪ್ರಭುತ್ವವನ್ನು ಉಳಿಸಿದ ನೀಲಕಂಠ ಯಾರು? ಮುಬಾರಕ್‌ಗೆ ಫೋನು ಮಾಡಿ, "ನೋಡಿದ್ಯೇನೋ? ನನ್ ಬೋರ್ಡಿನಿಂದಾನೇ!" ಎಂದೆ. ಅವನು, "ಅಣ್ಣಾ, ಬೋರ್ಡಿನ ಬಾಕಿ?" ಎಂದು ಮಾತು ಬದಲಿಸಿದ.

ಹೆಂಗಸರೆಲ್ಲ ಹಾರ ಹಿಡಿದು ಮನೆಗೆ ಬಂದರು. ನಾನು ಬಾಗಿಲಲ್ಲೇ ಕತ್ತು ಬಗ್ಗಿಸಿ ನಿಂತೆ. ಹಾರ ನನ್ನ ಪಕ್ಕದಿಂದ ಹಾದು ರುದ್ರಾಣಿಯ ಕೊರಳಿಗೆ ಹೋಯಿತು. ಪರವಾಗಿಲ್ಲ, ಇತಿಹಾಸಕ್ಕೆ ಸತ್ಯ ಗೊತ್ತು! ಆದರೂ ಎಲ್ಲರ ಎದುರು ಹೇಳಿಸಿಯೇ ಬಿಡೋಣವೆಂದು ಅಜ್ಜಿಯನ್ನು ಹಿಡಿದೆ.

"ಅಜ್ಜೀ, ನಿಜ ಹೇಳು. ಇವ್ಳು ಗೆದ್ದಿದ್ದು ಯಾರಿಂದ? ನನ್ನಿಂದ ತಾನೇ?"

"ಹೂಂ ಕಣಪ್ಪಾ, ನಿನ್ನಿಂದಾನೇ."

ಕೇಳಿದಿರಾ! ನಾನು ಮೀಸೆಗೆ ಕೈ ಹಾಕಿದೆ.

"ನಿನ್ನೆ ಸಂಜೆ ನಿನ್ನ ನೋಡಿದ್ವಲ್ಲ," ಎಂದಳು ಅಜ್ಜಿ. "ಇಂಥವ್ನ ಇಟ್ಕೊಂಡು ಇಷ್ಟು ವರ್ಷ ಮನೆ ನಡೆಸ್ಯಾಳೆ. ಸಂಘ ನಡೆಸೋದು ಇವ್ಳಿಗೆ ಏನ್ ಮಹಾ ಅಂತ ಎಲ್ರೂ ಓಟು ಒತ್ತಿದ್ವಿ ನೋಡು!"

ಮೀಸೆಯ ಮೇಲಿನ ಕೈ ಅಲ್ಲೇ ಉಳಿಯಿತು. ದಿಕ್ಕು ತೋಚದೆ ಹೆಂಡತಿಯ ಕಡೆ ತಿರುಗಿದೆ. "ನೋಡೇ, ಏನಂತಾರೆ ನೋಡು! ನೀನಾದ್ರೂ ಹೇಳೇ!"

ರುದ್ರಾಣಿ ಹಾರ ಸರಿಮಾಡಿಕೊಂಡಳು.

"ನಾನೇನ್ರಿ ಹೊಸದಾಗಿ ಹೇಳೋದು? ಮನೆಮನೆಗೆ ಹೋಗಿ ಓಟು ಕೇಳಿದ್ದೇ ಇದೇ ಮಾತು ಹೇಳಿ. ಯಾರೂ ನಂಬ್ತಿರಲಿಲ್ಲ, ನಿನ್ನೆ ನೀವೇ ಬಂದು ತೋರ್ಸಿದ್ರಿ!"