ಏಳನೆಯ ಕಾಲಮ್ಮಿನಲ್ಲಿ ಸುಮ್ಮನೆ

ನನ್ನಿಂದ ಒಂದು ತಪ್ಪಾಗಿದೆ. ಒಪ್ಪಿಕೊಳ್ಳುತ್ತೇನೆ. ಆದರೆ ತಲೆ ತಗ್ಗಿಸಿ ಒಪ್ಪಿಕೊಳ್ಳುವುದು ನಮ್ಮ ಮನೆತನದಲ್ಲಿ ಬಂದಿಲ್ಲ, ಹಾಗಾಗಿ ತಲೆ ಎತ್ತಿಕೊಂಡೇ ಒಪ್ಪಿಕೊಳ್ಳುತ್ತೇನೆ. ಇದನ್ನು ಯಾರಾದರೂ ಸೊಕ್ಕು ಎಂದರೆ ಅನ್ನಲಿ, ನನಗೇನೂ ಬೇಜಾರಿಲ್ಲ. ನಮ್ಮಪ್ಪ ಕೊಟ್ಟೂರಿನಲ್ಲಿ ಹಗ್ಗದ ಅಂಗಡಿ ಇಟ್ಟಿದ್ದರು. ಹತ್ತು ಮೊಳ ಕೇಳಿದವನಿಗೆ ಮಾತಿನ ಭರದಲ್ಲಿ ಎಂಟೇ ಮೊಳ ಕತ್ತರಿಸಿ ಕೊಟ್ಟುಬಿಡುತ್ತಿದ್ದರು. ಗಿರಾಕಿ ತಿರುಗಿ ಬಂದು ಜಗಳ ತೆಗೆದರೆ ಹೊಸ ಹಗ್ಗವನ್ನೇನೋ ಕೊಡುವರು, ಜೊತೆಗೆ ಅಂಗಡಿಯಲ್ಲೇ ಅಳೆದು ನೋಡದೆ ಹೋದದ್ದು ನಿನ್ನದೇ ತಪ್ಪು ಎಂದು ಅವನಿಗೇ ಬುದ್ಧಿ ಹೇಳಿ ಕಳಿಸುವರು. ಗಿರಾಕಿ ಹೌದೌದು ಎಂದು ತಲೆಯಾಡಿಸಿ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಅವರ ಮಗಳು.

ನಾನೊಂದು ಸಂಸ್ಥೆಯಲ್ಲಿ ಕ್ಷೇತ್ರ ಸಂಯೋಜಕಿ. ಹೆಸರಿನಲ್ಲಿ ತೂಕವಿದೆ, ಕೆಲಸದಲ್ಲಿ ಒಂದು ಹಳೆಯ ಸ್ಕೂಟರ್ ಇದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕಿನ ಯುವಜನರನ್ನು ಬೇಸಾಯದಲ್ಲಿ ಉಳಿಸುವುದು, ಬೆಳೆಸುವುದು, ಅರಳಿಸುವುದು ನಮ್ಮ ಕಾರ್ಯಕ್ರಮದ ಗುರಿ. ಅರಳಿಸುವುದು ಎಂಬ ಮಾತು ಬ್ಯಾನರಿನದು, ನನ್ನದಲ್ಲ. ಆ ರಸ್ತೆಗಳಲ್ಲಿ ತಿರುಗಿ ಇಷ್ಟು ವರ್ಷದಲ್ಲಿ ನಾನು ಅರಳಿಸಿದ್ದು ನನ್ನ ಸೊಂಟದ ನೋವನ್ನು ಮಾತ್ರ. ಒಮ್ಮೆ ತಂಬ್ರಹಳ್ಳಿಯಲ್ಲಿ ಎರೆಹುಳು ಗೊಬ್ಬರದ ಮೇಲೆ ಗಂಟಲು ಹರಿಯುವ ಹಾಗೆ ಭಾಷಣ ಮಾಡಿದೆ. ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬಳು, ನಿಮ್ಮ ಮನೆಯಲ್ಲಿ ಏನೇನು ಗಿಡ ಹಾಕಿದ್ದೀಯವ್ವ ಎಂದು ವಿಚಾರಿಸಿದಳು. ನಮ್ಮ ಮನೆಯಲ್ಲಿರುವುದು ಒಂದು ತುಳಸಿ, ಅದಕ್ಕೂ ನೀರು ಹಾಕುವವರು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನ್ನ ಯಜಮಾನರು. ಬಹಳ ಇವೆ ಅಜ್ಜಿ ಎಂದು ಹೇಳಿ ಸ್ಕೂಟರ್ ಹತ್ತಿದೆ.

ಇರಲಿ, ತಪ್ಪಿನ ವಿಷಯಕ್ಕೆ ಬರುತ್ತೇನೆ. ಸಂಕ್ರಾಂತಿ ಕಳೆದ ಮೇಲೆ ನಮಗೆಲ್ಲ ಒಂದು ಸಮೀಕ್ಷೆಯ ಫಾರಂ ಬಂತು. ಯುವಜನರ ಹೆಸರು, ವಯಸ್ಸು, ಓದು ಎಲ್ಲ ಆದ ಮೇಲೆ ಏಳನೆಯ ಕಾಲಮ್ಮು: ಪ್ರಸ್ತುತ ಏನು ಮಾಡುತ್ತಿದ್ದಾರೆ? ಜನ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕು, ನಿಮ್ಮ ಸ್ವಂತ ಬುದ್ಧಿ ಸೇರಿಸಬಾರದು ಎಂದು ಮುಖ್ಯ ಕಚೇರಿಯವರು ಮೂರು ಸಲ ಹೇಳಿದ್ದರು. ಸ್ವಂತ ಬುದ್ಧಿ ಸೇರಿಸಬೇಡ ಎಂದರೆ ನನಗೆ ಯಾವಾಗಲೂ ಸ್ವಲ್ಪ ಉರಿಯುತ್ತದೆ. ಆ ಉರಿಯಲ್ಲೇ, ಆಗಲಿ, ಒಂದು ಅಕ್ಷರವೂ ಆಚೀಚೆ ಮಾಡುವುದಿಲ್ಲ ಎಂದು ಹಟ ಹಿಡಿದು, ಗುಡೇಕೋಟೆಯಿಂದ ಒಳಗೆ ಹೋದರೆ ಸಿಗುವ ಒಂದು ಸಣ್ಣ ಊರಿಗೆ ಹೋಗಿ ಮನೆಮನೆಯ ಕಟ್ಟೆಯ ಮೇಲೆ ಕೂತು ಬರೆದುಕೊಂಡೆ. ಬೇರೆ ಹಳ್ಳಿಗಳಲ್ಲಿ ಬೇರೆಯವರು ಬರೆದುಕೊಂಡರು.

ಈಗ ನಮ್ಮ ಕಡೆಯ ಒಂದು ಮಾತಿನ ರೂಢಿಯನ್ನು ಹೇಳಬೇಕು. ಮಗ ಬಸ್ಸಿನ ಕಂಡಕ್ಟರನಾಗಿದ್ದರೆ ತಾಯಿ, ಕಂಡಕ್ಟರ ಅದಾನ ಎನ್ನುತ್ತಾಳೆ. ಕಾನಹೊಸಹಳ್ಳಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದರೆ, ಹೈವೇ ಮ್ಯಾಲೆ ಬಿಸಿನೆಸ್ ಮಾಡ್ತಾನ ಎನ್ನುತ್ತಾಳೆ. ಪೊಲೀಸ್ ಆಗಿದ್ದರಂತೂ ಅವನ ಬೂಟಿನ ಅಳತೆಯಿಂದ ಶುರುವಾಗುತ್ತದೆ, ಚಹಾ ಬಂದರೂ ಮುಗಿಯುವುದಿಲ್ಲ. ಆದರೆ ಮಗ ಕೋಳಿ ಕೂಗುವಾಗ ಎದ್ದು, ದನದ ಸಗಣಿ ಬಾಚಿ, ಮೂರು ಫೇಸ್ ಕರೆಂಟು ಬಂದ ಹೊತ್ತಿಗೆ ಓಡಿಹೋಗಿ ಶೇಂಗಾಕ್ಕೆ ನೀರು ಕಟ್ಟಿ, ಕುರಿಗೆ ಸೊಪ್ಪು ತಂದು ಹಾಕಿ, ಮೈತುಂಬ ಕೆಸರು ಮಾಡಿಕೊಂಡು ಕಣ್ಣೆದುರಿಗೇ ನಿಂತಿದ್ದರೂ, ಏನು ಮಾಡ್ತಾನಮ್ಮ ಎಂದು ಕೇಳಿದರೆ ಅವಳು ಹೇಳುವುದು ಒಂದೇ. ಏನಿಲ್ರಿ, ಸುಮ್ನೆ ಮನ್ಯಾಗ ಅದಾನ. ಮಗಳಾದರೆ ಇನ್ನೂ ಸುಮ್ಮನೆ. ಅವಳು ಅದೆಲ್ಲವನ್ನೂ ಮಾಡಿ, ಆಮೇಲೆ ರೊಟ್ಟಿಯನ್ನೂ ಬಡಿದಿರುತ್ತಾಳೆ.

ನಾನು ಬರೆದೆ. ಮೊದಲನೆಯ ಹೆಸರಿನ ಮುಂದೆ, ಸುಮ್ಮನೆ ಮನೆಯಲ್ಲಿದ್ದಾರೆ. ಎರಡನೆಯದಕ್ಕೆ ಮೇಲಿನಂತೆ. ಮೂರನೆಯದಕ್ಕೂ ಮೇಲಿನಂತೆ. ಪುಟಗಟ್ಟಲೆ ಮೇಲಿನಂತೆ. ಬರೆಯುವಾಗ ನನಗೆ ಏನೂ ಅನಿಸಲಿಲ್ಲ, ಯಾಕೆಂದರೆ ಆ ಮಾತು ಕೇಳುತ್ತಲೇ ಬೆಳೆದವಳು ನಾನು. ನನ್ನ ಕಿವಿಗೆ ಅದು ಬೇಸಾಯ ಮಾಡುತ್ತಾನೆ ಎಂದೇ ಕೇಳಿಸಿತು. ನನ್ನ ಕೈ ಮಾತ್ರ ಸುಮ್ಮನೆ ಎಂದು ಬರೆಯಿತು.

ತಿಂಗಳಾದ ಮೇಲೆ ಮುಖ್ಯ ಕಚೇರಿಯಿಂದ ಕಾಗದ ಬಂತು. ಐದು ತಾಲ್ಲೂಕಿಗೆ ಸೇರಿ ಬೀಜ ಹಸನು ಮಾಡುವ ಯಂತ್ರ ಒಂದೇ ಒಂದು ಮಂಜೂರಾಗಿದೆ. ಯಾವ ಹಳ್ಳಿಯಲ್ಲಿ ಬೇಸಾಯದಲ್ಲಿ ತೊಡಗಿರುವ ಯುವಜನರು ಹೆಚ್ಚಿದ್ದಾರೋ ಅಲ್ಲಿಗೆ ಅದು ಹೋಗಬೇಕು. ಸಮೀಕ್ಷೆಯ ಪ್ರಕಾರ ಗುಡೇಕೋಟೆ ಕಡೆಯ ಹಳ್ಳಿಯಲ್ಲಿ ಅಂಥವರು ಒಬ್ಬರೂ ಇಲ್ಲ. ಆದ್ದರಿಂದ ಯಂತ್ರವನ್ನು ಹರಪನಹಳ್ಳಿ ಕಡೆಯ ಊರೊಂದಕ್ಕೆ ಕೊಡಲಾಗುವುದು, ಇಲ್ಲಿನ ನಿರುದ್ಯೋಗಿಗಳಿಗೆ ಸಂದರ್ಶನ ಎದುರಿಸುವ ಕಲೆಯ ಬಗ್ಗೆ ಮೂರು ದಿನದ ತರಬೇತಿ ನೀಡಲಾಗುವುದು. ಹರಪನಹಳ್ಳಿಯವರ ಮಾತು ದಾವಣಗೆರೆಯ ಕಡೆಗೆ ವಾಲುತ್ತದೆ. ಅಲ್ಲಿನ ತಾಯಂದಿರು, ತೋಟ ನೋಡ್ಕೊಂಡಿದಾನೆ ಸರ್ ಎಂದು ನೀಟಾಗಿ ಹೇಳಿದ್ದರಂತೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಂದರೆ, ಬಹಳ ಸಿಟ್ಟಿಲ್ಲ.

ಕಾಗದ ಓದಿದ ಕೂಡಲೇ ನನ್ನ ಕಣ್ಣ ಮುಂದೆ ಬಂದವಳು ರೇಣುಕಾ. ಆ ಊರಿನವಳು, ಇಪ್ಪತ್ನಾಲ್ಕರ ಹುಡುಗಿ. ಡಿಗ್ರಿಯನ್ನು ಅರ್ಧಕ್ಕೆ ಬಿಟ್ಟು ಹೊಲಕ್ಕೆ ಇಳಿದವಳು. ತನ್ನ ಓರಗೆಯವರನ್ನು ಕಟ್ಟಿಕೊಂಡು ಒಳ್ಳೆಯ ನವಣೆ, ಸಜ್ಜೆ, ಜೋಳದ ತೆನೆ ಆರಿಸಿ ಬೀಜ ಮಾಡಿ ಇಡುತ್ತಾಳೆ. ಗಾಳಿ ಬಂದಾಗ ತೂರಬೇಕು, ಗಾಳಿ ನಿಂತರೆ ಮೊರ ಹಿಡಿದು ಕೇರಬೇಕು, ಮೊರ ಹಿಡಿದ ತೋಳು ಸೋತರೆ ಬೀಜ ಹಾಗೇ ಉಳಿಯುತ್ತದೆ. ಹಿಂದಿನ ವರ್ಷ ಹಾಗೆ ಉಳಿದು, ಬೀಜ ಕೇಳಿ ಬಂದವರು ಬರಿಗೈಲಿ ಹೋಗಿದ್ದರು. ಈ ಸಲ ಯಂತ್ರ ಬರುತ್ತದೆಂದು ನಂಬಿ ಮುಂಗಾರಿಗೆ ಮೊದಲೇ ಬೀಜ ಕೊಡುತ್ತೇವೆಂದು ಅವಳು ಸುತ್ತಿನ ಊರಿಗೆಲ್ಲ ಮಾತು ಕೊಟ್ಟಿದ್ದಳು. ಸಮೀಕ್ಷೆಗೆ ಹೋದಾಗ ಅವಳಿಗೆ ಆ ನಂಬಿಕೆ ಹುಟ್ಟಿಸಿದವಳು ನಾನೇ. ಈಗ ಕೊಟ್ಟ ಮಾತು ತಪ್ಪಿದರೆ ಆ ಹುಡುಗಿಯನ್ನು ಇನ್ನೊಮ್ಮೆ ಯಾರೂ ನಂಬುವುದಿಲ್ಲ.

ನಮ್ಮ ವ್ಯವಸ್ಥಾಪಕರಿಗೆ ಫೋನು ಮಾಡಿ, ಸುಮ್ಮನೆ ಎಂದರೆ ಬೇಸಾಯ ಎಂದು ಬಿಡಿಸಿ ಹೇಳಿದೆ. ಅವರು ಶಾಂತ ಸ್ವಭಾವದವರು, ಅದೇ ಅವರ ದೊಡ್ಡ ದೋಷ. ನಿಘಂಟಿನಲ್ಲಿ ಹಾಗಿಲ್ಲವಲ್ಲ ಮೇಡಂ ಎಂದರು. ನಿಘಂಟು ಬರೆದವರು ನಮ್ಮೂರಿನ ಕಟ್ಟೆಯ ಮೇಲೆ ಕೂತಿಲ್ಲವಲ್ಲ ಸರ್ ಎಂದೆ. ಡೇಟಾ ಲಾಕ್ ಆಗಿದೆ, ಇನ್ನು ದೇವರು ಬಂದರೂ ತೆರೆಯಲು ಬರುವುದಿಲ್ಲ, ಸದ್ಯಕ್ಕೆ ತರಬೇತಿ ಚೆನ್ನಾಗಿ ಮಾಡಿಸಿ ಎಂದರು. ನನಗೆ ಪಿತ್ತ ನೆತ್ತಿಗೇರಿತು. ಚೆನ್ನಾಗಿಯೇ ಮಾಡಿಸುತ್ತೇನೆ ಎಂದು ಹೇಳಿ ಫೋನಿಟ್ಟೆ. ಸಮುದಾಯ ಭವನದ ಬದಲು ರೇಣುಕಾಳ ಕಣದಲ್ಲೇ ಶಾಮಿಯಾನ ಹಾಕಿಸಿದೆ. ನಿರುದ್ಯೋಗಿ ಯುವಜನರಿಗೆ ಸ್ವಾಗತ ಎಂಬ ಬ್ಯಾನರನ್ನು ತಿರುಗಿಸಿ ಹಾಸಿ, ಅದರ ಮೇಲೆ ನವಣೆ ಒಣಗಹಾಕಿಸಿದೆ. ಸಂಸ್ಥೆಯ ಸ್ವತ್ತಿನ ದುರ್ಬಳಕೆ ಎಂದು ಮುಂದೆ ಇದಕ್ಕೂ ಒಂದು ನೋಟಿಸು ಬಂತು, ಅದು ಬೇರೆ ಕಥೆ.

ತರಬೇತುದಾರ ಚಿಕ್ಕ ವಯಸ್ಸಿನವನು, ಆ ಬಿಸಿಲಿನಲ್ಲೂ ಟೈ ಕಟ್ಟಿಕೊಂಡು ಬಂದಿದ್ದ. ಪಾಪ, ಒಳ್ಳೆಯ ಹುಡುಗ. ಬಿಳಿ ಹಲಗೆ ನಿಲ್ಲಿಸಿ, ಸಂದರ್ಶನದಲ್ಲಿ ಮೊದಲು ಕೇಳುವುದು ನಿಮ್ಮ ಬಗ್ಗೆಯೇ, ಎಲ್ಲಿ ಹೇಳಿ ನೋಡೋಣ ಎಂದು ರೇಣುಕಾಳನ್ನು ಎಬ್ಬಿಸಿದ. ಏನು ಮಾಡಿಕೊಂಡಿದ್ದೀರಿ ಎಂದು ಕೇಳಿದ. ಅವಳು ಸೆರಗು ಸರಿಮಾಡಿಕೊಂಡು, ಏನಿಲ್ರಿ, ಸುಮ್ನೆ ಮನ್ಯಾಗ ಅದೀನಿ ಎಂದಳು. ತಪ್ಪು, ಏನಿಲ್ಲ ಎಂದು ಯಾವತ್ತೂ ಹೇಳಬಾರದು, ಬೆಳಗ್ಗೆ ಎದ್ದಾಗಿನಿಂದ ಇವತ್ತು ಏನೇನು ಮಾಡಿದಿರಿ ಒಂದೊಂದೇ ಹೇಳಿ ಎಂದ. ಅವಳು ಹೇಳಲು ಶುರುಮಾಡಿದಳು. ಅವನು ಹಲಗೆಯ ಮೇಲೆ ಬರೆಯುತ್ತ ಹೋದ. ಹಾಲು ಕರೆದದ್ದು, ನೀರು ಕಟ್ಟಿದ್ದು, ಸಜ್ಜೆಯ ತೆನೆಯಲ್ಲಿ ಬೀಜಕ್ಕೆ ಯಾವುದು, ಅಡುಗೆಗೆ ಯಾವುದು ಎಂದು ಆರಿಸಿದ್ದು, ಬೂದಿ ಬೆರೆಸಿ ಗಡಿಗೆಗೆ ತುಂಬಿದ್ದು. ಹಲಗೆ ತುಂಬಿತು. ಒರೆಸಿ ಮತ್ತೆ ಬರೆದ. ಅವಳು ಇನ್ನೂ ಬೆಳಗಿನ ರೊಟ್ಟಿಗೆ ಬಂದಿರಲಿಲ್ಲ. ಅವನು ಟೈ ಬಿಚ್ಚಿ ಜೇಬಿಗೆ ಹಾಕಿಕೊಂಡ. ಪಕ್ಕದಲ್ಲಿದ್ದವರು ಅದನ್ನು ಹೇಳೇ, ಇದನ್ನು ಹೇಳೇ ಎಂದು ತಿವಿಯತೊಡಗಿದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಈ ತರಬೇತಿಗೆ ನಾನೇ ಅರ್ಜಿ ಹಾಕಿದ್ದೆನೇನೋ ಎಂಬ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತೆ.

ಆಗ ಅವನು ಪುಸ್ತಕದಲ್ಲಿದ್ದ ಮುಂದಿನ ಪ್ರಶ್ನೆಯನ್ನು ಕೇಳಿದ. ನಿಮ್ಮ ಕೆಲಸದಲ್ಲಿ ಎದುರಾದ ದೊಡ್ಡ ಸವಾಲು ಯಾವುದು? ರೇಣುಕಾ ನನ್ನ ಕಡೆ ನೋಡಿದಳು.

"ಸವಾಲು ಅಲ್ಲೇ ಕುಂತೈತಿ ನೋಡ್ರಿ, ಕಾಲ ಮ್ಯಾಲೆ ಕಾಲು ಹಾಕ್ಕಂಡು. ಈ ಅಕ್ಕಾರು ನಾವು ಸುಮ್ನೆ ಅದೀವಿ ಅಂತ ಬರಕಂಡು ಹೋದ್ರು. ಮಷೀನು ಬ್ಯಾರೆ ಊರಿಗೆ ಹೋತು."

ನಾನು ಕಾಲು ಕೆಳಗಿಳಿಸಿದೆ. ಆದರೆ ಬಾಯಿ ಸುಮ್ಮನಿರಬೇಕಲ್ಲ, ನೀನೇ ಹಾಗೆ ಹೇಳಿದ್ದೆಯಲ್ಲ ಎಂದು ಅವಳ ಮೇಲೇ ಹಾಕಿದೆ, ಥೇಟ್ ನಮ್ಮಪ್ಪನ ಹಾಗೆ. ಅವಳಿಗೆ ಸಿಟ್ಟು ಕೂಡ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ನಾವು ಹಂಗ ಅಂತೀವ್ರಿ ಅಕ್ಕಾರ. ಆದ್ರ ನೀವು ನಮ್ಮ ಕಡಿಯೋರಲ್ಲೇನು? ನಿಮಗೂ ತಿಳೀಲಿಲ್ಲಂದ್ರ ಮತ್ಯಾರಿಗೆ ತಿಳೀತೈತಿ?"

ನಮ್ಮಪ್ಪನ ಗಿರಾಕಿಗಳು ಯಾರೂ ಈ ಮಾತು ಆಡಿದ್ದಿಲ್ಲ, ಹಾಗಾಗಿ ಇದಕ್ಕೆ ಉತ್ತರ ನನಗೆ ಮನೆಯಿಂದ ಬಂದಿರಲಿಲ್ಲ. ನಾಚಿಕೆಯಾಯಿತು. ಎದ್ದು ಹೋಗಿ ಹಲಗೆಯ ಫೋಟೋ ತೆಗೆದೆ. ಆ ಕಣದಲ್ಲೇ ನವಣೆಯ ಪಕ್ಕ ಕೂತು ಮುಖ್ಯ ಕಚೇರಿಗೆ ಪತ್ರ ಬರೆದೆ. ಈ ಹಳ್ಳಿಯ ಸಮೀಕ್ಷೆ ತಪ್ಪು, ತಪ್ಪು ಹೇಳಿದವರದಲ್ಲ, ಬರೆದುಕೊಂಡ ನನ್ನದು, ಸ್ವಂತ ಬುದ್ಧಿ ಸೇರಿಸಬೇಡಿ ಎಂದ ನಿಮ್ಮದೂ ಸ್ವಲ್ಪ ಇದೆ. ಇಲ್ಲಿ ಸುಮ್ಮನಿರುವವರು ಒಬ್ಬರೂ ಇಲ್ಲ. ಯಂತ್ರ ಕೊಡುವ ಮೊದಲು ಯಾರಾದರೂ ಬಂದು ಕಣ್ಣಿಂದ ನೋಡಿ. ಅಲ್ಲಿಯವರೆಗೆ ನಾನು ಇನ್ನೊಂದು ಫಾರಂ ಮುಟ್ಟುವುದಿಲ್ಲ. ವ್ಯವಸ್ಥಾಪಕರು ಕೊನೆಯ ವಾಕ್ಯವನ್ನಾದರೂ ತೆಗೆಯಿರಿ ಎಂದು ಫೋನಿನಲ್ಲಿ ಕೇಳಿಕೊಂಡರು. ಪತ್ರ ಲಾಕ್ ಆಗಿದೆ ಸರ್ ಎಂದೆ.

ಮುಖ್ಯ ಕಚೇರಿಯವರು ಡೇಟಾದ ಬೀಗ ತೆಗೆಯಲಿಲ್ಲ, ಪರಿಶೀಲನೆಗೆಂದು ಒಬ್ಬ ಅಧಿಕಾರಿಯನ್ನು ಕಳಿಸಿದರು. ಅವರು ಹೊಸದೊಂದು ಫಾರಂ ಹಿಡಿದು ಬಂದರು. ಹೊಲ ನೋಡಿದರು, ಗಡಿಗೆಗಳಲ್ಲಿ ಕೈ ಹಾಕಿ ಬೀಜ ನೋಡಿದರು. ರೇಣುಕಾ ಮೂರು ದಿನದ ತರಬೇತಿಯ ಫಲವಾಗಿ ಬೆಳಗ್ಗೆಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. ಅವರು ತಲೆದೂಗುತ್ತ ಬರೆದುಕೊಂಡರು. ನಾನು ದೂರದಲ್ಲಿ ಬೇವಿನ ನೆರಳಿನಲ್ಲಿ ನಿಂತು ಹಿಗ್ಗುತ್ತಿದ್ದೆ. ಕೊನೆಯ ಪ್ರಶ್ನೆ ನನ್ನ ಬಗ್ಗೆ ಇತ್ತು. ಕ್ಷೇತ್ರ ಸಂಯೋಜಕಿಯವರು ಇಲ್ಲಿಗೆ ಯಾವ ಉದ್ದೇಶದಿಂದ ಭೇಟಿ ನೀಡುತ್ತಾರೆ? ರೇಣುಕಾ ನನ್ನನ್ನು ನೋಡಿ ಬಾಯಿ ತುಂಬ ನಕ್ಕಳು.

"ಅವರಾ? ಏನಿಲ್ರಿ, ಸುಮ್ನೆ ಬರ್ತಾರ."

ನಮ್ಮ ಕಡೆ ಇದಕ್ಕಿಂತ ದೊಡ್ಡ ಮಾತಿಲ್ಲ. ಕೆಲಸವಿದ್ದು ಬರುವವರನ್ನು ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟು ಕಳಿಸುತ್ತೇವೆ. ಸುಮ್ಮನೆ ಬರುವವರು ಮನೆಯವರು, ಅವರು ನೇರ ಅಡುಗೆಮನೆಗೇ ಬರಬಹುದು. ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಅಧಿಕಾರಿ ಅದನ್ನು ಹೇಳಿದ ಹಾಗೆಯೇ, ಒಂದಕ್ಷರವೂ ಆಚೀಚೆಯಾಗದಂತೆ ಬರೆದುಕೊಂಡಾಗಿತ್ತು.

ಮುಂಗಾರಿಗೆ ಮೊದಲೇ ಯಂತ್ರ ಬಂತು. ಬೀಜ ಹಸನಾಯಿತು, ಕೇಳಿ ಬಂದವರು ಯಾರೂ ಬರಿಗೈಲಿ ಹೋಗಲಿಲ್ಲ, ರೇಣುಕಾಳ ಮಾತು ಉಳಿಯಿತು. ಯಂತ್ರದ ಹಿಂದೆಯೇ ನನಗೊಂದು ನೋಟಿಸೂ ಬಂತು. ಯಾವುದೇ ಉದ್ದೇಶವಿಲ್ಲದೆ ಕ್ಷೇತ್ರ ಭೇಟಿ ಮಾಡುತ್ತಿರುವುದು ಪರಿಶೀಲನೆಯಲ್ಲಿ ಕಂಡುಬಂದಿದೆ, ವಿವರಣೆ ನೀಡಿ, ಅಲ್ಲಿಯವರೆಗೆ ಕೆಲಸಕ್ಕೆ ಬರುವುದು ಬೇಡ. ವಿವರಣೆಗೆಂದು ಅರ್ಧ ಪುಟ ಖಾಲಿ ಬಿಟ್ಟಿದ್ದರು. ಯಜಮಾನರು ಪಕ್ಕದಲ್ಲಿ ಕೂತು ಮೇಲ್ವಿಚಾರಣೆ, ಮಾರ್ಗದರ್ಶನ ಎಂದೆಲ್ಲ ಒಳ್ಳೊಳ್ಳೆಯ ಪದಗಳನ್ನು ಹೇಳಿಕೊಟ್ಟರು. ನಾನು ಒಂದನ್ನೂ ಬರೆಯಲಿಲ್ಲ. ರೇಣುಕಾ ಹೇಳಿದ್ದು ಸರಿ ಎಂದಷ್ಟೇ ಬರೆದು ಸಹಿ ಹಾಕಿ ಕಳಿಸಿದೆ. ಆ ಮಾತನ್ನು ತಿದ್ದಿಸಿಕೊಳ್ಳುವಷ್ಟು ನಾನಿನ್ನೂ ಕೆಟ್ಟಿಲ್ಲ.

ಮೊನ್ನೆ ವ್ಯವಸ್ಥಾಪಕರ ಫೋನು ಬಂದಿತ್ತು. ಫೈಲು ಇನ್ನೂ ಮೇಲೆಯೇ ಇದೆಯೆಂದು ಹೇಳಿ, ಎಂದಿನ ಶಾಂತಿಯಲ್ಲಿ, ಹಾಗಾದರೆ ಮೇಡಂ ಈಗ ಸುಮ್ಮನೆ ಮನೆಯಲ್ಲಿದ್ದೀರಿ ಎಂದರು. ತಡೀರಿ ಸರ್ ಎಂದು ನಾನು ಬೆಳಗ್ಗೆ ಎದ್ದಲ್ಲಿಂದ ಶುರುಮಾಡಿದೆ. ಅಂಗಳ ಗುಡಿಸಿದ್ದು, ನೀರು ತುಂಬಿದ್ದು, ಅತ್ತೆಗೆ ಮಾತ್ರೆ ಕೊಟ್ಟದ್ದು, ಯಜಮಾನರ ಕನ್ನಡಕ ಹುಡುಕಿದ್ದು, ಯಾವುದನ್ನೂ ಬಿಡಲಿಲ್ಲ. ಆವೇಶದಲ್ಲಿ ತುಳಸಿಗೆ ನೀರು ಹಾಕಿದ್ದನ್ನೂ ನನ್ನ ಲೆಕ್ಕಕ್ಕೇ ಸೇರಿಸಿದೆ. ಅವರು ಫೋನಿಟ್ಟು ಬಹಳ ಹೊತ್ತಾಗಿದೆಯೆಂದು ನನಗೆ ತಿಳಿದದ್ದು ಮಧ್ಯಾಹ್ನದ ಸಾರಿನ ಒಗ್ಗರಣೆಗೆ ಬಂದಾಗ. ನಾನು ನಿಲ್ಲಿಸಲಿಲ್ಲ. ಉಳಿದದ್ದನ್ನು ಯಜಮಾನರನ್ನು ಕೂರಿಸಿಕೊಂಡು ಅವರಿಗೆ ಹೇಳಿ ಮುಗಿಸಿದೆ.