ಪಿಸುಮಾತಪ್ಪನೂ ಪಿಟೀಲೂ

ಅಷ್ಟೆಲ್ಲ ರಾದ್ಧಾಂತಕ್ಕೆ ಮೂಲ ದೊಡ್ಡ ಡಾಕ್ಟರ ಪಿಟೀಲು. ಗಂಟಲು ವಾರ್ಡಿನ ದೊಡ್ಡ ಸಿಸ್ಟರ್ ಅವತ್ತು ನಿವೃತ್ತರಾಗುವವರಿದ್ದರು. ನಾಲ್ಕು ಗಂಟೆಗೆ ಬೀಳ್ಕೊಡುಗೆ. ಆಸ್ಪತ್ರೆಯವರೆಲ್ಲ ಅವರಿಗೆ ಕೃತಜ್ಞತೆ ಹೇಳಿದ ವಿಡಿಯೋ ತೋರಿಸಬೇಕು. "ಹಿನ್ನೆಲೆಗೆ ನನ್ನ ಪಿಟೀಲು ಹಾಕಿ," ಎಂದು ದೊಡ್ಡ ಡಾಕ್ಟರು ತಾವೇ ನುಡಿಸಿದ ರೆಕಾರ್ಡಿಂಗ್ ಕೊಟ್ಟುಬಿಟ್ಟರು. ಆಸ್ಪತ್ರೆಯ ಮುಖ್ಯಸ್ಥರು ಅವರೇ. ಬೇಡ ಅನ್ನುವ ಧೈರ್ಯ ಯಾರಿಗಿದೆ?

ವಿಡಿಯೋ ಜೋಡಿಸುವ ಕೆಲಸ ರೆಕಾರ್ಡ್ ರೂಮಿನ ಗುಮಾಸ್ತನ ತಲೆಗೆ ಬಂತು. ಎದುರು ಕೂತವರಿಗೂ ಕೇಳಿಸದ ದನಿ ಅವನದು, ಹಾಗಾಗಿ ಎಲ್ಲರ ಬಾಯಲ್ಲೂ ಪಿಸುಮಾತಪ್ಪ. ಬೇರೆ ಯಾರ ವಿಷಯವಾಗಿದ್ದರೂ ಜಾರಿಕೊಳ್ಳುತ್ತಿದ್ದ. ಆದರೆ ಇವರು ದೊಡ್ಡ ಸಿಸ್ಟರ್. ಮೂರು ವರ್ಷದ ಹಿಂದೆ ಅವನ ಹೆಂಡತಿ ಗಂಟಲಿನ ಆಪರೇಷನ್ ಆಗಿ ಇಪ್ಪತ್ತು ದಿನ ದನಿಯಿಲ್ಲದೆ ಮಲಗಿದ್ದಳು. ನೀರು ಬೇಕೋ, ದಿಂಬು ಸರಿಸಬೇಕೋ, ಕಟ್ಟಿಕೊಂಡ ಗಂಡನಿಗೇ ತಿಳಿಯುತ್ತಿರಲಿಲ್ಲ; ಸಿಸ್ಟರಿಗೆ ತಿಳಿಯುತ್ತಿತ್ತು. ಈಗ ಹೆಂಡತಿ ಬೆಳಗ್ಗೆ ಎದ್ದು "ಒದ್ದೆ ಟವೆಲ್ ಮತ್ತೆ ಹಾಸಿಗೆ ಮೇಲಾ?" ಎಂದು ಕೂಗಿದಾಗಲೆಲ್ಲ ಅವನ ಕಣ್ಣು ತುಂಬಿ ಬರುತ್ತದೆ. ಆ ಉಪಕಾರಕ್ಕೆ ಒಂದು ಸಲವೂ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಈಗ ವಿಡಿಯೋದ ಕೊನೆಯಲ್ಲಿ ಹೇಳಿದ್ದ. ಅದು ಅವರಿಗೆ ಮುಟ್ಟಬೇಕು, ಅಷ್ಟೇ.

ಬೆಳಗ್ಗೆ ಹಾಕಿ ನೋಡಿದರೆ ಪಿಟೀಲು ಬಿಟ್ಟು ಬೇರೇನೂ ಕೇಳಲಿಲ್ಲ. ಆಂಬುಲೆನ್ಸ್ ಡ್ರೈವರ್ ಬಾಗಿಲಲ್ಲೇ ಕಿವಿ ಮುಚ್ಚಿಕೊಂಡ.

"ಗುರುವೇ, ಇದಕ್ಕಿಂತ ನನ್ನ ಸೈರನ್ನೇ ವಾಸಿ! ತಗ್ಗಿಸಪ್ಪಾ!"

ತಗ್ಗಿಸಿದ. ಹತ್ತು ನಿಮಿಷಕ್ಕೆ ದೊಡ್ಡ ಡಾಕ್ಟರು ಇಣುಕಿದರು.

"ಏನ್ರೀ, ನನ್ನ ಪಿಟೀಲು ಐಸಿಯುನಲ್ಲಿದೆಯಾ? ಉಸಿರೇ ಇಲ್ಲ!"

ಏರಿಸಿದ. ಡ್ರೈವರ್ ಮತ್ತೆ ಬಂದ. ತಗ್ಗಿಸಿದ. ಡಾಕ್ಟರು ಮತ್ತೆ ಬಂದರು. ಊಟದ ಹೊತ್ತಿಗೆ ಅವನಿಗೆ ತಲೆ ಕೆಟ್ಟುಹೋಗಿತ್ತು.

ಅವನ ಪಾಡು ನೋಡಲಾರದೆ ಲ್ಯಾಬಿನ ಅಕ್ಕ ಬಂದಳು. "ಅಯ್ಯೋ ಪೆದ್ದೇ, ಎಲ್ಲಾ ಕಡೆ ಒಟ್ಟಿಗೆ ಯಾಕೆ ತಗ್ಗಿಸ್ತೀಯ? ಯಾವುದು ಮಾತು, ಯಾವುದು ಸಂಗೀತ ಅಂತ ಕಂಪ್ಯೂಟರಲ್ಲಿ ಗುರುತು ಹಾಕು. ಮಾತು ಬಂದಾಗ ಸಂಗೀತ ತಾನಾಗೇ ತಗ್ಗುತ್ತೆ, ಮಾತು ನಿಂತ್ರೆ ಏರುತ್ತೆ. ಡಾಕ್ಟ್ರಿಗೂ ಖುಷಿ, ನಮಗೂ ಖುಷಿ."

"ನಿಮ್ಮ ಉಪಕಾರ ಸಾಯೋತನಕ ಮರೆಯಲ್ಲ ಅಕ್ಕ."

"ಆಂ?"

"ಥ್ಯಾಂಕ್ಸ್ ಅಂದೆ!"

ಅವಸರದಲ್ಲಿ ಗುರುತು ಅದಲುಬದಲಾಯಿತು. ಪಿಟೀಲಿಗೆ ಮಾತು ಎಂದೂ ಮಾತಿಗೆ ಸಂಗೀತ ಎಂದೂ ಹಾಕಿದ್ದ. ಪಿಟೀಲು ಕುಯ್ಯೆಂದ ಕೂಡಲೇ ಮಕ್ಕಳ ಡಾಕ್ಟರಿಂದ ಅಡುಗೆಯವರ ತನಕ ಎಲ್ಲರೂ ಗದರಿಸಿಕೊಂಡ ಮಕ್ಕಳ ಹಾಗೆ ದನಿ ಇಳಿಸಿದರು. ತಪ್ಪು ಸಿಗುವಷ್ಟರಲ್ಲಿ ಮೂರೂ ಮುಕ್ಕಾಲು. ಸರಿಮಾಡಿ, ಮೊದಲ ನಾಲ್ಕು ಜನರ ಮಾತು ಕೇಳಿ ನೋಡಿದ. ಚೆನ್ನಾಗಿತ್ತು. ಪೂರ್ತಿ ನೋಡಲು ಹೊತ್ತಿರಲಿಲ್ಲ, ಸಭಾಂಗಣಕ್ಕೆ ಓಡಿದ.

ವಿಡಿಯೋ ಶುರುವಾಯಿತು. ಮಾತು ಬಂದಾಗ ಪಿಟೀಲು ತಗ್ಗಿತು, ನಿಂತಾಗ ಏರಿತು. ದೊಡ್ಡ ಡಾಕ್ಟರು ಕಾಲಲ್ಲಿ ತಾಳ ಹಾಕಿದರು. ಸಿಸ್ಟರ್ ಕಣ್ಣೊರೆಸಿಕೊಂಡರು. ಕೊನೆಗೆ ಪರದೆಯ ಮೇಲೆ ಪಿಸುಮಾತಪ್ಪ ಬಂದ, ಬಾಯಿ ತೆರೆದ.

ಪಿಟೀಲು ತಗ್ಗಲೇ ಇಲ್ಲ! ಅವನ ದನಿ ಅಷ್ಟು ಸಣ್ಣದು; ಕಂಪ್ಯೂಟರು ಅದನ್ನು ಮಾತೆಂದೇ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೂರು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ಮಾತು ಪಿಟೀಲಿನಡಿ ಮುಚ್ಚಿಹೋಯಿತು. ಅವನಿಗೆ ಅಳುವೇ ಬಂತು.

ಅಷ್ಟರಲ್ಲಿ ಇನ್ನೊಂದು ನೆನಪಾಯಿತು. ತನ್ನ ವಿಡಿಯೋ ತೆಗೆದುಕೊಂಡ ದಿನ ಮಾತು ಮುಗಿಸಿದ ಮೇಲೆ, ಕ್ಯಾಮೆರಾ ನಿಲ್ಲಿಸುವ ಮೊದಲು, ತನ್ನಷ್ಟಕ್ಕೆ ಗೊಣಗಿದ್ದ: "ಇದಕ್ಕೆ ಡಾಕ್ಟ್ರ ಪಿಟೀಲು ಬೇರೆ! ಅದನ್ನ ಕೇಳಿದ್ರೆ ಪ್ರಜ್ಞೆ ತಪ್ಪಿದವರೂ ಎದ್ದು ಓಡ್ತಾರೆ." ಆ ತುಂಡು ಕತ್ತರಿಸಲು ಮರೆತೇಹೋಗಿತ್ತು! ಪರದೆಯ ಮೇಲೆ ಅವನ ಬಾಯಿ ಅದನ್ನೂ ಆಡಿ ಮುಗಿಸಿತು. ಒಬ್ಬರಿಗೂ ಕೇಳಿಸಲಿಲ್ಲ. ಬೆಳಗ್ಗಿನಿಂದ ಶಪಿಸಿದ್ದ ಪಿಟೀಲಿಗೆ ಮನಸ್ಸಿನಲ್ಲೇ ಕೈಮುಗಿದ.

ಚಪ್ಪಾಳೆ ನಿಂತ ಮೇಲೆ ದೊಡ್ಡ ಡಾಕ್ಟರು ಕೇಳಿದರು, "ಏನಂದ್ರಿ ನೀವು? ಒಂದಕ್ಷರ ಕೇಳಿಸ್ಲಿಲ್ಲ."

ಪಿಸುಮಾತಪ್ಪ ತಡವರಿಸುತ್ತಿದ್ದಂತೆ ಸಿಸ್ಟರ್ ಬಂದು ಅವನ ಕೈ ಹಿಡಿದರು. "ನಂಗೆ ತಿಳೀತು ಸರ್. ಇಪ್ಪತ್ತೆಂಟು ವರ್ಷ ಗಂಟಲಲ್ಲಿ ಕೊಳವೆ ಇಟ್ಕೊಂಡವರ ತುಟಿ ನೋಡೇ ಮಾತು ತಿಳ್ಕೊಂಡವಳು ನಾನು. ಹೆಂಡತಿ ಬೈದಾಗೆಲ್ಲ ನನಗೆ ಕೈಮುಗೀತಾರಂತೆ. ಇದಕ್ಕಿಂತ ದೊಡ್ಡ ಉಡುಗೊರೆ ನನಗೆ ಬೇಡ."

ಪಿಸುಮಾತಪ್ಪನ ಎದೆಯ ಭಾರ ಇಳಿಯಿತು. ಆಮೇಲೆ ಅರ್ಥವಾಯಿತು: ಹಾಗಾದರೆ ಇನ್ನೊಂದೂ ತಿಳಿದಿದೆ!

"ಕೊನೇಲಿ ಇನ್ನೂ ಏನೋ ಅಂದ್ರಲ್ಲ?" ಡಾಕ್ಟರು ಬಿಡಲಿಲ್ಲ.

ಸಿಸ್ಟರ್ ಅವನ ಬಿಳಿಚಿದ ಮುಖವನ್ನೊಮ್ಮೆ ನೋಡಿದರು. "ನಿಮ್ಮ ಪಿಟೀಲು ಕೇಳಿದ್ರೆ ಪ್ರಜ್ಞೆ ತಪ್ಪಿದವರೂ ಎದ್ದು ಕೂರ್ತಾರೆ ಅಂದ್ರು ಸರ್."

ಬದುಕಿದೆ ಎಂದುಕೊಂಡ ಪಿಸುಮಾತಪ್ಪ. ಆ ಕ್ಷಣ ಸಿಸ್ಟರ್ ಕಾಲಿಗೆ ಬೀಳುವುದೊಂದು ಬಾಕಿ.

ದೊಡ್ಡ ಡಾಕ್ಟರ ಮುಖ ಊರಗಲ ಆಯಿತು. "ಆಹಾ! ಇಷ್ಟು ವರ್ಷಕ್ಕೆ ಒಬ್ಬ ರಸಿಕ ಸಿಕ್ಕಿದ! ನನ್ನ ಹತ್ರ ಇನ್ನೂ ನಲವತ್ತು ರೆಕಾರ್ಡಿಂಗ್ ಇದೆ ಕಣ್ರೀ. ವಾರ್ಡಿಗೊಂದು ವಿಡಿಯೋ ಮಾಡೋಣ. ನಾಳೆಯಿಂದ ಇದೇ ನಿಮ್ಮ ಕೆಲಸ!"

ಪಿಸುಮಾತಪ್ಪ ಕಂಗಾಲಾಗಿ ಸಿಸ್ಟರ್ ಕಡೆ ತಿರುಗಿದ. ಡಾಕ್ಟರ ಬೆನ್ನ ಹಿಂದೆ ನಿಂತಿದ್ದ ಅವರು ಸದ್ದಿಲ್ಲದೆ ತುಟಿ ಆಡಿಸಿದರು. ತುಟಿ ನೋಡಿ ಮಾತು ತಿಳಿಯುವುದು ಅವನಿಗೆ ಬರುತ್ತಿರಲಿಲ್ಲ. ಆದರೂ ಅದೊಂದು ಚೆನ್ನಾಗಿಯೇ ತಿಳಿಯಿತು.

"ತಗ್ಗಿಸಿ ಹಾಕಪ್ಪಾ."