ಕಾಕಾ ಪಾಸು ಮಾಡಿದ ನೆಲ

ನಮ್ಮ ಕಾಕಾ ಇದುವರೆಗೆ ಒಂದೇ ಒಂದು ಮದುವೆಯಲ್ಲೂ ಮದುಮಗಳ ಮುಖ ನೋಡಿಲ್ಲ. ಬೇಕಾದರೆ ಆಣೆ ಮಾಡಿ ಹೇಳುತ್ತೇನೆ! ಅಕ್ಷತೆ ಹಿಡಿದು ಸ್ಟೇಜ್ ಹತ್ತುವುದೇನೋ ಹೌದು, ಆದರೆ ಕಣ್ಣೆಲ್ಲ ನೆಲದ ಮೇಲೆ.

ಹೋದ ವರ್ಷ ಕೂಕಟ್‌ಪಲ್ಲಿಯ ಒಂದು ಫಂಕ್ಷನ್ ಹಾಲಿನಲ್ಲಿ ಆರತಕ್ಷತೆ. ಉಡುಗೊರೆ ಹಿಡಿದ ಜನ ಬಾಗಿಲವರೆಗೂ ಸಾಲಾಗಿ ನಿಂತಿದ್ದರು. ಕಾಕಾ ಸ್ಟೇಜ್ ಹತ್ತಿದವರೇ ಕುಕ್ಕುರುಗಾಲಲ್ಲಿ ಕೂತು, ಕೆಂಪು ಕಾರ್ಪೆಟ್ಟಿನ ಮೂಲೆ ಎತ್ತಿ, ಒಳಗೆ ಅಂಗೈ ತೂರಿಸಿದರು. ಫೋಟೋದವನು "ಅಂಕಲ್, ಇಲ್ಲಿ ನೋಡ್ರಿ!" ಎಂದು ಮೂರು ಸಲ ಕೂಗಿದ. ಊಹೂಂ. ಯಾರದೋ ಉಂಗುರ ಬಿದ್ದಿದೆ ಅಂದುಕೊಂಡು ಮದುಮಗಳ ಇಬ್ಬರು ಸೋದರಮಾವಂದಿರೂ ರೇಷ್ಮೆ ಪಂಚೆ ಎತ್ತಿ ಕಟ್ಟಿ ಹುಡುಕಲು ಕೂತರು. ಕೊನೆಗೆ ಮದುಮಗಳ ತಾಯಿಯೇ ಎದುರಿಗೆ ಬಂದು ಬಗ್ಗಿ ಕೇಳಿದರು.

"ಏನ್ ಕಳ್ಕೊಂಡೀರಿ ಅಣ್ಣಾರ?"

"ಏನೂ ಇಲ್ರೀ ಅಕ್ಕಾರ. ಪ್ಲೈವುಡ್ ಭಾಳ ತೆಳ್ಳಗೈತಿ, ಗುಂಪು ಫೋಟೋ ತಗಸಬ್ಯಾಡ್ರಿ!"

ಆಲ್ಬಂ ನೋಡಿ. ಮದುಮಕ್ಕಳು ನಗುತ್ತಿದ್ದಾರೆ, ಮುಂದೆ ಕಾಕಾನ ಬೆನ್ನು.

ಕಾಕಾ ರೈಲ್ವೆಯಲ್ಲಿದ್ದವರು, ನಿವೃತ್ತಿಯಾಗಿ ಕಾಕಿಯ ಜೊತೆ ಮಲ್ಕಾಜ್‌ಗಿರಿಯಲ್ಲಿದ್ದಾರೆ. ಕೆಲಸವೆಂದರೆ ಹಳಿಯ ಉದ್ದಕ್ಕೂ ನಡೆದು, ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ ಎಲ್ಲಿ ಸಡಿಲವಾಗಿದೆ ಎಂದು ಹೇಳುವುದು. ಈಗ ಸುತ್ತಿಗೆ ಹೋಗಿ ಅಂಗೈ ಉಳಿದಿದೆ. ಜೊತೆಗೆ ಭಾರಿ ಸೊಕ್ಕು ಎಂದು ನಮ್ಮ ಮನೆಯಲ್ಲಿ ಎಲ್ಲರ ಅಭಿಪ್ರಾಯ. ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ಫೋನ್ ಎತ್ತುವುದಿಲ್ಲ. ಯಾಕೆ ಅಂತ ಕೇಳಿದರೆ, "ಫೋನಿನ್ಯಾಗ ನೆಲ ಕಾಣ್ತೈತೇನು?" ಇಂಥವರಿಗೆ ಏನು ಹೇಳುವುದು?

ನಮ್ಮ ಕನ್ನಡ ಬಳಗದ ವಾರ್ಷಿಕೋತ್ಸವಕ್ಕೆ ಅಧ್ಯಕ್ಷರು ಸ್ಟೇಜಿಗೆ ಕನ್ನಡಿಯಂಥ ಶೀಟ್ ಹಾಸಿಸಿದ್ದರು. ಮಕ್ಕಳ ಕಾಲು ಜಾರಿದರೂ ಚಿಂತೆಯಿಲ್ಲ, ಫೋಟೋದಲ್ಲಿ ಅಧ್ಯಕ್ಷರು ಎರಡೆರಡಾಗಿ ಕಾಣಬೇಕು! ಕಾಕಾ ಕೈಮುಗಿದು, "ಸಾಹೇಬ್ರ, ಹುಡುಗರಿಗಿಂತ ಮೊದಲ ನೀವಽ ನಾಕು ಹೆಜ್ಜಿ ಹಾಕಿ ತೋರಸ್ರಿ" ಅಂದರು. ಅಧ್ಯಕ್ಷರು ಕಾಲುಚೀಲದಲ್ಲೇ ಹೆಜ್ಜೆ ಹಾಕಿದರು. ಎರಡನ್ನು ಅವರು ಹಾಕಿದರು, ಉಳಿದೆರಡನ್ನು ಶೀಟೇ ಹಾಕಿಸಿತು. ಮೈಕನ್ನು ತಬ್ಬಿಕೊಂಡು ನಿಂತರು. ಹತ್ತೇ ನಿಮಿಷದಲ್ಲಿ ಶೀಟ್ ಕಿತ್ತರು.

ಇಷ್ಟು ಹೊತ್ತು ನಕ್ಕೆನಲ್ಲ, ಈಗ ನನ್ನ ಸರದಿ. ನಾನು ಫೋನ್ ನೋಡಿಯೇ ಡ್ಯಾನ್ಸ್ ಕಲಿತವಳು. ನನ್ನ ಗುರುವಿಗೆ ದಿನಕ್ಕೆರಡು ಸಲ ಚಾರ್ಜ್ ಹಾಕಬೇಕು. ಅಷ್ಟೇ ಧೈರ್ಯದ ಮೇಲೆ ಕೂಕಟ್‌ಪಲ್ಲಿಯಲ್ಲಿ ಮಹಡಿಯ ಮೇಲೊಂದು ಕೋಣೆ ಹಿಡಿದೆ. ಹನ್ನೊಂದು ಮಕ್ಕಳು ಹೆಸರು ಕೊಟ್ಟರು. ವಿಜಯದಶಮಿಗೆ ಕ್ಲಾಸ್ ಶುರುವಾಗಲೇಬೇಕು, ಇಲ್ಲದಿದ್ದರೆ ಪಕ್ಕದ ಬೀದಿಯ ಜುಂಬಾದವರು ಹನ್ನೊಂದನ್ನೂ ಎತ್ತಿಕೊಂಡು ಹೋಗುತ್ತಾರೆ. ಇನ್ನು ಒಂಬತ್ತು ದಿನ. ಹೊಳೆಯುವ ಬಿಳಿ ಟೈಲ್ಸ್ ಹಾಕಿಸೋಣ, ರೀಲ್ಸ್ ಚೆನ್ನಾಗಿ ಬರುತ್ತವೆ ಎಂದುಕೊಂಡೆ. ಯಾರು ಹೇಳಿದರೋ, ಕಾಕಾ ಮಲ್ಕಾಜ್‌ಗಿರಿಯಿಂದ ಬಂದಿಳಿದರು!

ಟೈಲ್ಸ್ ಅಂಗಡಿಯಲ್ಲಿ ಚಪ್ಪಲಿ ಬಿಟ್ಟು, ತೋರಿಸಲು ಇಟ್ಟಿದ್ದ ಟೈಲ್ಸ್ ಮೇಲೆ ಹತ್ತಿ ಧಬಧಬ ತುಳಿದರು. ಅಂಗಡಿಯವನು "ಸಾರ್, ಚೂಡಂಡಿ ಚಾಲು, ತೊಕ್ಕೊದ್ದು!" ಎಂದು ಓಡಿ ಬಂದ. ನೋಡಿದರೆ ಸಾಕು, ತುಳಿಯಬೇಡಿ ಅಂತ. ನೆಲವನ್ನು ತುಳಿಯದೆ ತಲೆಯ ಮೇಲಿಟ್ಟುಕೊಳ್ಳುತ್ತಾರಾ?

"ಕಲ್ಲಿನ ಮ್ಯಾಲೆ ಹುಡುಗರನ್ನ ಕುಣಸ್ತಿಯೇನವಾ? ಮಣಕಾಲು ಹೋದ್ರ ಯಾರು ತಂದು ಕೊಡ್ತಾರ?"

"ಮತ್ತೇನ್ ಹಾಕಸ್ಲಿ ಕಾಕಾ?"

"ಹಳಿ ಹಾಕ್ದಂಗ ಹಾಕಬೇಕು."

ಹಾಗೇ ಹಾಕಿಸಿದರು! ಕೆಳಗೆ ರಬ್ಬರಿನ ತುಂಡುಗಳು, ಅವುಗಳ ಮೇಲೆ ಸಾಲಾಗಿ ಮರದ ಪಟ್ಟಿ, ಮೇಲೆ ಎರಡು ಪದರ ಪ್ಲೈವುಡ್, ಅದರ ಮೇಲೆ ಹೊಳಪಿಲ್ಲದ, ಜಾರದ ಹಾಸು. ಬಡಗಿ ನನ್ನ ಕಡೆ ತಿರುಗಿ, "ಯೇ ಫರ್ಶ್ ಹೈ ಕ್ಯಾ ರೇಲ್ ಕೀ ಪಟ್ರೀ?" ಅಂದ. ಇದು ನೆಲವೋ ರೈಲು ಹಳಿಯೋ, ನನಗೂ ಅದೇ ಅನುಮಾನ. ಪ್ಲಾಟ್‌ಫಾರ್ಮ್ ನಂಬರ್ ಬರೆಯುವುದೊಂದು ಬಾಕಿ.

ಎಲ್ಲ ಮುಗಿದ ಮೇಲೆ ಕಾಕಾ ಬಾಗಿಲ ಪಕ್ಕ ಕೂತು, ನೆಲಕ್ಕೆ ಅಂಗೈ ಊರಿ, ಕಣ್ಣು ಮುಚ್ಚಿ, "ಕುಣಿ" ಅಂದರು. ಕುಣಿದೆ.

"ಇನ್ನೂ ಬರವಲ್ದು."

"ಏನ್ ಬರವಲ್ದು ಕಾಕಾ?"

ಉತ್ತರವೇ ಇಲ್ಲ. ಸೊಕ್ಕು! ಬಡಗಿ ಬಾಗಿಲ ಕಡೆಯ ನೆಲವನ್ನೆಲ್ಲ ಬಿಚ್ಚಿ ರಬ್ಬರ್ ಬದಲಾಯಿಸಿದ. ಮತ್ತೆ ಕುಣಿದೆ. "ಬರವಲ್ದು." ಮತ್ತೆ ಬಿಚ್ಚಿದ. ಹಬ್ಬಕ್ಕೆ ಎರಡೇ ದಿನ ಉಳಿದಿತ್ತು. ನಾನು ಸಿಟ್ಟಿನಲ್ಲಿ ಕುಣಿದೆನೋ ಗುದ್ದಿದೆನೋ ಗೊತ್ತಿಲ್ಲ. ಕಾಕಾನ ಮುಖ ಅರಳಿತು. "ಹಾಂ, ಈಗ ಬಂತು ನೋಡು!"

ವಿಜಯದಶಮಿಯ ಬೆಳಿಗ್ಗೆ ಹನ್ನೊಂದೂ ಮಕ್ಕಳು ಬಂದವು. ಪೂಜೆಯಾಯಿತು. ಮಕ್ಕಳು ಗೆಜ್ಜೆ ಕಟ್ಟಿ ಹೆಜ್ಜೆ ಹಾಕುತ್ತಿದ್ದರೆ, ಕಾಕಾ ಅದೇ ಜಾಗದಲ್ಲಿ, ಅಂಗೈ ನೆಲಕ್ಕೆ, ನಮಗೆ ಬೆನ್ನು. ಆರತಿ ತಟ್ಟೆ ಹಿಡಿದು ಹಿಂದಿನಿಂದ ಕರೆದೆ. "ಕಾಕಾ, ಆರತಿ ತಗೋರಿ." ಇಲ್ಲ. ಜೋರಾಗಿ ಕರೆದೆ. ಇಲ್ಲ. ಹಬ್ಬದ ದಿನವೂ ಸೊಕ್ಕೇ? ರೇಗಿ ಹಿಮ್ಮಡಿಯಿಂದ ನೆಲಕ್ಕೊಂದು ಗುದ್ದಿದೆ.

ಕಾಕಾ ಥಟ್ಟನೆ ತಿರುಗಿದರು. "ಏನವಾ?"

ಪಕ್ಕದಲ್ಲಿದ್ದ ಕಾಕಿ ನನ್ನ ಕೈಯಿಂದ ತಟ್ಟೆ ತಗೊಂಡು ಮೆಲ್ಲಗೆ ಹೇಳಿದಳು. "ಎರಡು ವರ್ಷ ಆತು, ಕಿವಿ ಪೂರಾ ಹೋಗ್ಯಾವ. ಎದುರಿಗಿದ್ರ ತುಟಿ ನೋಡಿ ತಿಳ್ಕೋತಾರ. ಮಷೀನ್ ಹಾಕ್ಕೋರಿ ಅಂದ್ರ ಒಲ್ಲೆ ಅಂತಾರ. ಯಾರ ಮುಂದೂ ಹೇಳಬ್ಯಾಡ ಅಂತ ಆಣಿ ಹಾಕ್ಯಾರ."

ಹನ್ನೊಂದು ಮಕ್ಕಳ ಗೆಜ್ಜೆ ನೆಲದೊಳಗಿಂದ ಕಾಕಾನ ಅಂಗೈಗೆ ಬಂದು ಮುಟ್ಟುತ್ತಿತ್ತು. ಅವರ ಇನ್ನೊಂದು ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಒಂದೂ ತಪ್ಪಿರಲಿಲ್ಲ.

ಈಗ ಕಾಕಾ ದಿನಾ ಸಂಜೆ ಬರುತ್ತಾರೆ. ಕಾಕಿ ಹೇಳಿದ್ದನ್ನು ನಾನು ಅವರಿಗೆ ಹೇಳಿಲ್ಲ, ಅವರೂ ಕೇಳಿಲ್ಲ. ಕ್ಲಾಸ್ ಶುರು ಮಾಡುವ ಮುಂಚೆ ಅವರ ಬೆನ್ನ ಹಿಂದೆ ನಿಂತು ಎರಡು ಸಲ ಹಿಮ್ಮಡಿ ತಟ್ಟುತ್ತೇನೆ. ಕಾಕಾ ತಿರುಗದೆಯೇ, ಅಂಗೈಯಿಂದ ಎರಡು ಸಲ ತಟ್ಟುತ್ತಾರೆ. ಅದೂ ಡ್ಯಾನ್ಸಿನ ಪಾಠವೇ ಅಂದುಕೊಂಡು ಮಕ್ಕಳೆಲ್ಲ ಎರಡೆರಡು ಸಲ ತಟ್ಟುತ್ತವೆ. ನಾನು ತಿದ್ದಲು ಹೋಗಿಲ್ಲ.